ಕಂಬದ ದಪ್ಪ, ಗುಳ್ಳೆಯ ಗಾತ್ರ

ನಮ್ಮ ಶಿಕ್ಷಣ ಸಂಸ್ಥೆಗಳ, ಸಹಕಾರ ಸಂಘಗಳ, ಜಮಾಅತುಗಳ ವಾರ್ಷಿಕ ವರದಿಗಳನ್ನು ಒಮ್ಮೆ ಒಟ್ಟಿಗೆ ಇಟ್ಟುಕೊಂಡು ತಿರುವಿ ಹಾಕಿ ನೋಡಿ. ಅಧ್ಯಕ್ಷರ ಭಾವಚಿತ್ರ, ಕಾರ್ಯದರ್ಶಿಗಳ ಎರಡು ಮಾತು, ದಾನಿಗಳ ಪಟ್ಟಿ, ಇವುಗಳ ನಡುವೆ ಎಲ್ಲೋ ಬಣ್ಣದ ಕಂಬಗಳ ಒಂದು ಚಿತ್ರ ಇದ್ದೇ ಇರುತ್ತದೆ. ಕಂಬಗಳಿಗೆ ದಪ್ಪವಿದೆ, ಬದಿಗಳಿವೆ, ಮೇಲೆ ನೆತ್ತಿಯೂ ಇದೆ. ಮದುವೆ ಮನೆಯಲ್ಲಿ ಫೋಟೋಕ್ಕೆ ನಿಂತವರ ಹಾಗೆ ಒಂದರ ಹಿಂದೆ ಒಂದು ನಿಂತಿರುತ್ತವೆ. ಮುಂದಿನವರು ಪೂರ್ತಿ ಕಾಣುತ್ತಾರೆ, ಹಿಂದಿನವರ ಹಣೆ ಮಾತ್ರ ಕಾಣುತ್ತದೆ. ಇದನ್ನು ಮಾಡಿದ ಹುಡುಗನನ್ನು ಕೇಳಿದರೆ, 'ತ್ರೀ-ಡಿ ಚಾರ್ಟ್' ಎಂದು ಅಭಿಮಾನದಿಂದ ಹೇಳುತ್ತಾನೆ.

ಎಕ್ಸೆಲ್‌ನಲ್ಲಿ ಇಂಥ ಚಿತ್ರ ಬರಿಸಲು ಎರಡು ಸಲ ಮೌಸ್ ಒತ್ತಿದರೆ ಸಾಕು. ಆದರೆ ಆ ಕಂಬದ ದಪ್ಪ ಏನನ್ನು ಹೇಳುತ್ತದೆ? ಏನನ್ನೂ ಹೇಳುವುದಿಲ್ಲ. ಅಂಕಿಗಳಲ್ಲಿ ಇದ್ದದ್ದು ಎರಡೇ ಸಂಗತಿ, ವರ್ಷ ಮತ್ತು ಮೊತ್ತ. ಮೂರನೆಯದು ಬರೀ ಮೈ ತುಂಬಿಸಿಕೊಂಡದ್ದು. ಹಾಗೆ ತುಂಬಿಸಿಕೊಂಡದ್ದರಿಂದ ಇದ್ದ ಎರಡೂ ಕೆಡುತ್ತವೆ. ಈ ತ್ರೀ-ಡಿ ಕಂಬಗಳು ಹಿಂದಿನ ಗೋಡೆಗೆ ಒರಗಿ ನಿಲ್ಲುವುದಿಲ್ಲ, ಸ್ವಲ್ಪ ಮುಂದಕ್ಕೆ ನಿಲ್ಲುತ್ತವೆ. ಅಳತೆಯ ಗೆರೆಗಳಿರುವುದು ಹಿಂದಿನ ಗೋಡೆಯ ಮೇಲೆ. ಹೀಗಾಗಿ ಸರಿಯಾಗಿ 70ರ ಎತ್ತರದ ಕಂಬದ ನೆತ್ತಿ, ನೋಡುವವರ ಕಣ್ಣಿಗೆ 70ರ ಗೆರೆಯನ್ನು ಮುಟ್ಟುವುದೇ ಇಲ್ಲ, ಕೆಳಗೆ ನಿಲ್ಲುತ್ತದೆ. ಓರೆ ಮಾಡಿ ಮಲಗಿಸಿದ 'ಪೈ' ಚಾರ್ಟಿನಲ್ಲಂತೂ ನಮ್ಮ ಕಡೆಗಿರುವ ತುಂಡು ದೊಡ್ಡದಾಗಿ, ಆಚೆಗಿರುವ ಅಷ್ಟೇ ಪಾಲಿನ ತುಂಡು ಸಣ್ಣದಾಗಿ ಕಾಣುತ್ತದೆ. ರೊಟ್ಟಿ ಹಂಚುವವರು ತಮ್ಮ ಮಕ್ಕಳ ಕಡೆಗೆ ದೊಡ್ಡ ತುಂಡು ತಿರುಗಿಸಿ ಇಟ್ಟ ಹಾಗೆ.

ಹಾಗಾದರೆ ಆಯಾಮ ಎಂದರೇನು? ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್ 2006ರಲ್ಲಿ ಅಮೆರಿಕದ ಒಂದು ವೇದಿಕೆಯಲ್ಲಿ ಮಾಡಿದ ಭಾಷಣವನ್ನು ನೋಡಿದವರಿಗೆ ಇದರ ಉತ್ತರ ಗೊತ್ತು. ಅವರ ಪರದೆ ನಮ್ಮ ಸ್ಲೇಟಿನ ಹಾಗೆ ಚಪ್ಪಟೆಯೇ. ಅದರ ಮೇಲೆ ಗುಳ್ಳೆಗಳು, ಒಂದೊಂದು ಗುಳ್ಳೆಯೂ ಒಂದೊಂದು ದೇಶ. ಬಲಕ್ಕೆ ಹೋದಷ್ಟೂ ಒಂದು ಅಳತೆ, ಮೇಲಕ್ಕೆ ಹೋದಷ್ಟೂ ಆಯಸ್ಸು. ಗುಳ್ಳೆಯ ಗಾತ್ರ ಆ ದೇಶದ ಜನಸಂಖ್ಯೆ, ಬಣ್ಣ ಅದು ಯಾವ ಖಂಡ ಎಂಬುದು. ಗುಂಡಿ ಒತ್ತಿದರೆ ವರ್ಷಗಳು ಓಡುತ್ತವೆ, ಗುಳ್ಳೆಗಳೂ ಓಡುತ್ತವೆ. ಎಣಿಸಿದರೆ ಐದು ಸಂಗತಿಗಳಾದವು. ದಪ್ಪವೂ ಇಲ್ಲ, ನೆರಳೂ ಇಲ್ಲ. 2017ರಲ್ಲಿ ತೀರಿಕೊಂಡ ಆ ಮನುಷ್ಯ ಕೋಲು ಹಿಡಿದು ಗುಳ್ಳೆಗಳ ಹಿಂದೆ ಓಡುತ್ತಿದ್ದುದನ್ನು ನೋಡಿದಾಗ, ಕುದುರೆ ಪಂದ್ಯದ ವೀಕ್ಷಕ ವಿವರಣೆ ಕೇಳಿದ ಹಾಗೆ ನಗು ಬರುತ್ತಿತ್ತು. ಆ ನಗುವಿನ ನಡುವೆಯೇ, 'ಬಡ ದೇಶ', 'ಸಿರಿವಂತ ದೇಶ' ಎಂಬ ನಮ್ಮ ಎರಡು ಗಂಟುಗಳು ಬಿಚ್ಚಿಹೋಗಿರುತ್ತಿದ್ದವು. ಆಯಾಮವೆಂದರೆ ಅಂಕಿಗೆ ಕೇಳುವ ಇನ್ನೊಂದು ಪ್ರಶ್ನೆ. ಒಂದು ಪ್ರಶ್ನೆ ಕೇಳಿ ಸುಮ್ಮನಾದವರಿಗೆ ಒಂದು ಉತ್ತರ ಸಿಗುತ್ತದೆ. ಅದು ಸುಳ್ಳಾಗಿರಬೇಕಿಲ್ಲ, ಸಾಲದೆ ಇರಬಹುದು.

ಇದನ್ನು ಹೇಳಲು ನಮ್ಮ ರಾಜ್ಯದ್ದೇ ಒಂದು ಲೆಕ್ಕವಿದೆ. 2001ರ ಜನಗಣತಿಯಲ್ಲಿ ಕರ್ನಾಟಕದ ಒಟ್ಟು ಸಾಕ್ಷರತೆ ನೂರಕ್ಕೆ 66.6. ಕರ್ನಾಟಕದ ಮುಸ್ಲಿಮರದು 70.1. ಈ ಎರಡು ಅಂಕಿಗಳನ್ನು ಎರಡು ಕಂಬ ಮಾಡಿ ನಿಲ್ಲಿಸಿದರೆ ಮುಸ್ಲಿಮರ ಕಂಬವೇ ಎತ್ತರ. ದೇಶದ ಮಟ್ಟದಲ್ಲಿ ಮುಸ್ಲಿಮರ ಸಾಕ್ಷರತೆ 59.1 ಇದ್ದು ದೇಶದ ಸರಾಸರಿಗಿಂತ ಕೆಳಗಿದ್ದಾಗ, ನಾವು ಮೇಲಿದ್ದೆವು. 2006ರ ನವೆಂಬರಿನಲ್ಲಿ ಸಾಚಾರ್ ಸಮಿತಿಯ ವರದಿ ಬಂದ ಮೇಲೆ, ಆ ನಾನೂರಕ್ಕೂ ಹೆಚ್ಚು ಪುಟಗಳನ್ನು ಓದದ ಎರಡು ಬಗೆಯ ಜನರನ್ನು ನಾನು ಕಂಡಿದ್ದೇನೆ. ಒಬ್ಬರು, "ನೋಡಿ, ನಿಮಗೆ ಯಾವ ಕೊರತೆಯೂ ಇಲ್ಲ, ಸುಮ್ಮನೆ ಅಳುತ್ತೀರಿ" ಎಂದು ಈ ಎರಡು ಕಂಬ ತೋರಿಸುವವರು. ಇನ್ನೊಬ್ಬರು ನಮ್ಮವರೇ. ಅದೇ ಕಂಬಗಳನ್ನು ತೋರಿಸಿ, "ನಾವು ಯಾರಿಗೇನು ಕಡಿಮೆ?" ಎಂದು ಮೀಸೆ ತಿರುವುವವರು.

ಈಗ ಇನ್ನೊಂದು ಪ್ರಶ್ನೆ ಕೇಳೋಣ. ಇವರೆಲ್ಲ ಎಲ್ಲಿ ವಾಸವಾಗಿದ್ದಾರೆ? ಅದೇ ಜನಗಣತಿಯಲ್ಲಿ ಕರ್ನಾಟಕದ ಪಟ್ಟಣಗಳ ಸಾಕ್ಷರತೆ 80.6, ಹಳ್ಳಿಗಳದು 59.3. ರಾಜ್ಯದ ಜನರಲ್ಲಿ ಪಟ್ಟಣದವರು ನೂರಕ್ಕೆ 34. ಮುಸ್ಲಿಮರಲ್ಲಾದರೋ ಪಟ್ಟಣದವರು ನೂರಕ್ಕೆ 60ರ ಹತ್ತಿರ. ಶಾಲೆ ಎಲ್ಲಿ ಹತ್ತಿರವೋ ಅಲ್ಲಿ ನಮ್ಮವರು ಹೆಚ್ಚು. ಪಟ್ಟಣದ ಮುಸ್ಲಿಮರು ಪಟ್ಟಣದ ಉಳಿದವರಷ್ಟೇ ಓದಿದ್ದು, ಹಳ್ಳಿಯ ಮುಸ್ಲಿಮರು ಹಳ್ಳಿಯ ಉಳಿದವರಷ್ಟೇ ಓದಿದ್ದರೆ ಒಟ್ಟು ಎಷ್ಟಾಗಬೇಕಿತ್ತು? ನೂರರಲ್ಲಿ 60 ಜನಕ್ಕೆ 80.6ರ ಲೆಕ್ಕ, 40 ಜನಕ್ಕೆ 59.3ರ ಲೆಕ್ಕ. ಕೂಡಿಸಿ ನೋಡಿ, 72 ಬರುತ್ತದೆ. ಇದ್ದದ್ದು 70.1. ಮುಂದಿದ್ದೇವೆ ಎಂದುಕೊಂಡ ಜಾಗದಲ್ಲೇ ಎರಡು ಹೆಜ್ಜೆ ಹಿಂದಿದ್ದೆವು. ಅಂಕಿಗಳು ಯಾವುವೂ ಬದಲಾಗಲಿಲ್ಲ. ಪಟ್ಟಣ-ಹಳ್ಳಿ ಎಂಬ ಒಂದು ಆಯಾಮ ಸೇರಿತು, ಅಷ್ಟೆ. ಎರಡು ಕಂಬಗಳಿಗೆ ಎಷ್ಟೇ ದಪ್ಪ ಬಳಿದರೂ ಇದು ಕಾಣುತ್ತಿರಲಿಲ್ಲ. ಅಂದಿನ 27 ಜಿಲ್ಲೆಗಳಿಗೆ ಒಂದೊಂದು ಗುಳ್ಳೆ ಇಟ್ಟು, ಅಡ್ಡ ಅಕ್ಷದಲ್ಲಿ ಪಟ್ಟಣವಾಸಿಗಳ ಪಾಲು, ಲಂಬ ಅಕ್ಷದಲ್ಲಿ ಸಾಕ್ಷರತೆ, ಬಣ್ಣದಲ್ಲಿ ಸಮುದಾಯ ಎಂದು ಬರೆದರೆ ಕಣ್ಣಿಗೇ ಹೊಡೆಯುತ್ತದೆ.

ಒಂದೇ ಕಂಬ ಎಷ್ಟು ಅಪಾಯಕಾರಿ ಆಗಬಹುದು ಎಂಬುದಕ್ಕೆ 2004ರ ಸೆಪ್ಟೆಂಬರ್ ನೆನಪಾಗುತ್ತದೆ. ಧರ್ಮವಾರು ಜನಗಣತಿ ಪ್ರಕಟವಾದಾಗ 1991ರಿಂದ 2001ರವರೆಗೆ ಮುಸ್ಲಿಮರ ಬೆಳವಣಿಗೆ ನೂರಕ್ಕೆ 36 ಎಂದು ಪತ್ರಿಕೆಗಳ ಮುಖಪುಟದಲ್ಲಿ ಬಂತು. ಆದರೆ 1991ರಲ್ಲಿ ಜಮ್ಮು-ಕಾಶ್ಮೀರದಲ್ಲಿ ಜನಗಣತಿ ನಡೆದೇ ಇರಲಿಲ್ಲ. 2001ರಲ್ಲಿ ನಡೆಯಿತು. ಒಂದು ಇಡೀ ರಾಜ್ಯದ ಜನ ಹತ್ತು ವರ್ಷದಲ್ಲಿ 'ಹುಟ್ಟಿಬಿಟ್ಟ' ಹಾಗೆ ಲೆಕ್ಕ ಬಂತು. ಹೋಲಿಸಲು ಬರುವ ರಾಜ್ಯಗಳನ್ನಷ್ಟೇ ಇಟ್ಟುಕೊಂಡು ಲೆಕ್ಕ ಹಾಕಿದಾಗ ಅದು 29.3 ಆಯಿತು. ಹಿಂದಿನ ದಶಕಕ್ಕಿಂತ ಕಡಿಮೆ. 2001-2011ರ ದಶಕದಲ್ಲಿ 24.6ಕ್ಕೆ ಇನ್ನೂ ಇಳಿಯಿತು. ತಿದ್ದುಪಡಿ ಕೆಲವೇ ದಿನಗಳಲ್ಲಿ ಬಂತು. ಆದರೆ ಆ 36ನ್ನು ಈಗಲೂ ಭಾಷಣಗಳಲ್ಲಿ ಕೇಳುತ್ತೇನೆ. ಮೊದಲು ನಿಂತ ಕಂಬವನ್ನು ಕೆಡವುವುದು ಸುಲಭವಲ್ಲ.

ಹಾಗಾಗಿ ತಮ್ಮ ಚಿತ್ರವನ್ನು ತಾವೇ ಬರೆದುಕೊಂಡವರ ಬಗ್ಗೆ ನನಗೆ ಗೌರವ ಹೆಚ್ಚು. 1900ರಲ್ಲಿ ಪ್ಯಾರಿಸ್‌ನಲ್ಲಿ ಒಂದು ಜಾಗತಿಕ ಪ್ರದರ್ಶನ ನಡೆಯಿತು. ಅಮೆರಿಕದ ಅಟ್ಲಾಂಟ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದ ಡಬ್ಲ್ಯು.ಇ.ಬಿ. ಡು ಬಾಯ್ಸ್ ತಮ್ಮ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಅಲ್ಲಿಗೆ ಸುಮಾರು 60 ಚಾರ್ಟುಗಳನ್ನು ಕಳುಹಿಸಿದರು. ಎಲ್ಲವೂ ಕೈಯಲ್ಲಿ, ಬಣ್ಣ ಮತ್ತು ಶಾಯಿಯಲ್ಲಿ ಬರೆದವು. ಗುಲಾಮಗಿರಿ ಮುಗಿದು ಇನ್ನೂ ನಾಲ್ಕು ದಶಕವೂ ಆಗಿರದ ಕಪ್ಪು ಜನರ ಓದು, ಜಮೀನು, ಕಸುಬು, ಮನೆಯ ಖರ್ಚು, ಎಲ್ಲವೂ ಅದರಲ್ಲಿತ್ತು. ಕೆಲವು ಪಟ್ಟಿಗಳು ಕಾಗದ ಸಾಲದೆ ಸುರುಳಿ ಸುತ್ತಿಕೊಂಡಿವೆ. ಸ್ಪ್ರೆಡ್‌ಶೀಟ್ ಎಂಬ ತಂತ್ರಾಂಶ ಹುಟ್ಟಲು ಆಗ ಇನ್ನೂ 79 ವರ್ಷ ಬಾಕಿ ಇತ್ತು. 'ವಿಸಿಕ್ಯಾಲ್ಕ್' ಬಂದದ್ದು 1979ರಲ್ಲಿ, ಎಕ್ಸೆಲ್ 1985ರಲ್ಲಿ. ತಮ್ಮನ್ನು ಒಂದೇ ಮಾತಿನಲ್ಲಿ, ಒಂದೇ ಅಂಕಿಯಲ್ಲಿ ಮುಗಿಸುತ್ತಿದ್ದವರ ಮುಂದೆ ಆ ಹುಡುಗ ಹುಡುಗಿಯರು ಅರವತ್ತು ಹಾಳೆ ಹರಡಿದರು.

ಕಥೆ ಬರೆಯುವವಳಿಗೆ ಈ ಗುಳ್ಳೆಗಳ ಸಹವಾಸ ಹೇಗೆ ಅಂಟಿತು ಎಂದರೆ, ನಮ್ಮೂರಿನ ಒಂದು ಸಣ್ಣ ವಿದ್ಯಾರ್ಥಿವೇತನ ಸಮಿತಿಯಿಂದ. ಅದರ ಹಳೆಯ ರಿಜಿಸ್ಟರುಗಳು ಅರ್ಧ ಉರ್ದುವಿನಲ್ಲಿವೆ, ಅರ್ಧ ಕನ್ನಡದಲ್ಲಿ. ಎರಡನ್ನೂ ಶಾಲೆಯಲ್ಲೇ ಕಲಿತವರು ಸಮಿತಿಯ ಸುತ್ತಮುತ್ತ ನಾನೊಬ್ಬಳೇ ಇದ್ದೆ. ಸಮಿತಿಯ ಮುಂದೆ ಒಂದು ಪ್ರಸ್ತಾಪವಿತ್ತು. ಇರುವ ಹಣ ಸ್ವಲ್ಪ, ಆದ್ದರಿಂದ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದವರಿಗೆ ಮಾತ್ರ ಕೊಡೋಣ, ಉಳಿದವರು ಹೇಗೂ ನಡುವೆ ಬಿಟ್ಟುಬಿಡುತ್ತಾರೆ ಎಂದು. "ಬೇಟಿ, ಹಳೆಯ ಲೆಕ್ಕ ತೆಗೆದು ಒಂದು ಹಾಳೆ ಮಾಡಿಕೊಡು, ಮುಂದಿನ ಸಭೆಯಲ್ಲಿ ತೀರ್ಮಾನ ಮಾಡಿಬಿಡೋಣ" ಎಂದು ಹಾಜಿ ಸಾಹೇಬರು ಹೇಳಿದರು.

ಕೆಲಸದಲ್ಲಿ ಜೊತೆಯಾದವನು ನನ್ನ ತಂಗಿಯ ಮಗ. ಮೊದಲ ವಾರವೆಲ್ಲ ರಿಜಿಸ್ಟರಿನಿಂದ ಹಾಳೆಗೆ ಇಳಿಸುವುದರಲ್ಲೇ ಹೋಯಿತು. ಉರ್ದು ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಬಲತುದಿಯಲ್ಲಿ, ಷರಾ ಎಡತುದಿಯಲ್ಲಿ. ಕೆಲವು ಪಟ್ಟಿಗಳನ್ನು ಯಾರೋ ಹಿಂದೆ ಹಳೆಯ ಕನ್ನಡ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಟ್ಟಿದ್ದರು. ಹಾಳೆಯಲ್ಲಿ ಕನ್ನಡವಾಗಿಯೇ ಕಾಣುತ್ತಿದ್ದ 'ಹೆಣ್ಣು', 'ಗಂಡು' ಎಂಬವು ಚಾರ್ಟಿಗೆ ಹೋದ ಕೂಡಲೇ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಬಾಲ ಬಂದ ಹಾಗೆ ಆಗಿಬಿಡುತ್ತಿದ್ದವು. ಎಲ್ಲವನ್ನೂ ಯೂನಿಕೋಡಿಗೆ ತಂದ ಮೇಲೆ ನಮ್ಮ ಜಗಳ ನಿಂತಿತು.

ಪಿವಟ್ ಟೇಬಲ್ ಎಂಬುದೊಂದಿದೆ, ಅದು ನಿಜಕ್ಕೂ ದೊಡ್ಡ ಉಪಕಾರ. ನೂರಾರು ಸಾಲುಗಳನ್ನು ಅಂಕ, ವರ್ಷ, ಹೆಣ್ಣು-ಗಂಡು ಎಂದು ಬೇಕಾದ ಹಾಗೆ ಮಡಚಿ ಕೊಡುತ್ತದೆ. ಆದರೆ ಪಿವಟ್ ಟೇಬಲಿನಿಂದ ನೇರವಾಗಿ ಗುಳ್ಳೆಯ ಚಾರ್ಟು, ಅಂದರೆ ಬಬಲ್ ಚಾರ್ಟು, ಬರಿಸಲಾಗುವುದಿಲ್ಲ. ಮಡಚಿದ್ದನ್ನು ಬೇರೆ ಕಡೆ ಬರೀ ಅಂಕಿಗಳಾಗಿ ಅಂಟಿಸಿಕೊಂಡು, ಅಲ್ಲಿಂದ ಮುಂದುವರಿಯಬೇಕು. ನಮಗೆ ಒಬ್ಬೊಬ್ಬ ವಿದ್ಯಾರ್ಥಿಯೂ ಒಂದು ಗುಳ್ಳೆಯಾಗಬೇಕಿತ್ತು, ಆದ್ದರಿಂದ ಮೂಲ ಸಾಲುಗಳಿಂದಲೇ ಹೊರಟೆವು. ಅಡ್ಡ ಅಕ್ಷದಲ್ಲಿ ಮನೆಯಿಂದ ಕಾಲೇಜಿಗೆ ಇರುವ ದೂರ. ಲಂಬ ಅಕ್ಷದಲ್ಲಿ ಹತ್ತನೆಯ ತರಗತಿಯ ನಂತರ ಓದಿದ ವರ್ಷಗಳು. ಗುಳ್ಳೆಯ ಗಾತ್ರಕ್ಕೆ ಮನೆಯಲ್ಲಿರುವ ಮಕ್ಕಳ ಸಂಖ್ಯೆ. ಬಣ್ಣ ಬೇರೆ ಬೇರೆ ಬರಬೇಕಾದರೆ ಹುಡುಗರನ್ನೂ ಹುಡುಗಿಯರನ್ನೂ ಎರಡು ಪ್ರತ್ಯೇಕ ಸೀರೀಸ್ ಆಗಿ ಕೊಡಬೇಕು.

ಗಾತ್ರದ ವಿಷಯದಲ್ಲಿ ಒಂದು ಎಚ್ಚರಿಕೆ. ಗಾತ್ರವು ಗುಳ್ಳೆಯ ವಿಸ್ತೀರ್ಣವೋ ಅಗಲವೋ ಎಂದು ಎಕ್ಸೆಲ್ ಆಯ್ಕೆ ಕೊಡುತ್ತದೆ. ಅಗಲ ಎಂದು ಆರಿಸಿದರೆ, ಆರು ಮಕ್ಕಳಿರುವ ಮನೆಯ ಗುಳ್ಳೆ ಮೂರು ಮಕ್ಕಳ ಮನೆಯ ಗುಳ್ಳೆಗಿಂತ ನಾಲ್ಕು ಪಟ್ಟು ಜಾಗ ತಿನ್ನುತ್ತದೆ. 'ಇವರಿಗೆ ಮಕ್ಕಳೇ ಮಕ್ಕಳು' ಎಂಬ ಮಾತನ್ನು ಕೇಳಿ ಬೆಳೆದವರು ಈ ಗುಂಡಿಯನ್ನು ನೋಡದೆ ಮುಂದೆ ಹೋಗಬಾರದು. ವಿಸ್ತೀರ್ಣವನ್ನೇ ಆರಿಸಿದೆವು. ಒಂದರ ಮೇಲೊಂದು ಬಿದ್ದ ಗುಳ್ಳೆಗಳಿಗೆ ಗಾಜಿನ ಹಾಗೆ ಪಾರದರ್ಶಕ ಬಣ್ಣ ಕೊಟ್ಟೆವು.

ಐದನೆಯ ಸಂಗತಿ ಅಂಕ. ಅದನ್ನು ಎಲ್ಲಿ ಇಡುವುದು? ಹುಡುಗ ತ್ರೀ-ಡಿ ಎಂದ. ನಾನು ಬೇಡವೆಂದೆ. ಒಂದೇ ಚಾರ್ಟನ್ನು ಮೂರು ಮಾಡಿ ಪಕ್ಕಪಕ್ಕದಲ್ಲಿ ಇಟ್ಟೆವು, ಪ್ರಥಮ ದರ್ಜೆಯವರದೊಂದು, ದ್ವಿತೀಯ ದರ್ಜೆಯವರದೊಂದು, ಉಳಿದವರದೊಂದು. ಇಲ್ಲಿಯೂ ಒಂದು ಕೀಟಲೆ ಇದೆ. ಪ್ರತಿ ಚಾರ್ಟಿಗೂ ಎಕ್ಸೆಲ್ ತನ್ನಷ್ಟಕ್ಕೆ ತಾನೇ ಅಳತೆ ಹಾಕಿಕೊಳ್ಳುತ್ತದೆ. ಒಂದರ ಅಡ್ಡ ಅಕ್ಷ 12ಕ್ಕೆ ಮುಗಿದರೆ ಇನ್ನೊಂದರದು 25ಕ್ಕೆ ಮುಗಿಯುತ್ತದೆ. ಮೂರಕ್ಕೂ ಒಂದೇ ಕನಿಷ್ಠ, ಒಂದೇ ಗರಿಷ್ಠ ಎಂದು ನಾವೇ ಕೂತು ಬರೆಯದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಹೆಸರುಗಳನ್ನು ಚಾರ್ಟಿನ ಹತ್ತಿರಕ್ಕೂ ತರಲಿಲ್ಲ. ಗುಳ್ಳೆಯ ಪಕ್ಕ ಹೆಸರು ಮೂಡಿಸುವ ಸೌಲಭ್ಯ 2013ರ ಆವೃತ್ತಿಯಿಂದ ಇದೆ. ಆದರೆ ಸಣ್ಣ ಊರಿನಲ್ಲಿ ಅದು ಮಗುವಿಗೆ ಮಾಡುವ ಉಪಕಾರವಲ್ಲ.

ಮೂರೂ ಚಿತ್ರಗಳು ಒಟ್ಟಿಗೆ ಕಂಡಾಗ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಖಾಲಾ, ಹುಡುಗಿಯರು ಮೂರರಲ್ಲೂ ಎಡಗಡೆಯೇ ಇದ್ದಾರಲ್ಲ" ಎಂದ. ನಿಜ. ಹುಡುಗರ ಗುಳ್ಳೆಗಳು ಎಡ-ಬಲ ಎಲ್ಲ ಕಡೆ ಚೆಲ್ಲಿದ್ದವು. ಹುಡುಗಿಯರ ಗುಳ್ಳೆಗಳು ಮಾತ್ರ ಕಾಲೇಜು ಹತ್ತಿರವಿದ್ದಲ್ಲಿ ಮೇಲಕ್ಕೆ ಏರಿದ್ದವು, ದೂರ ಹೆಚ್ಚಿದಂತೆ ನೆಲಕ್ಕೆ ಬಿದ್ದಿದ್ದವು. ಪ್ರಥಮ ದರ್ಜೆಯ ಚಾರ್ಟಿನಲ್ಲೂ ಹಾಗೆಯೇ. ಒಳ್ಳೆಯ ಅಂಕ ಬಂದ ಹುಡುಗಿಯರೂ ಒಂದು ಬಸ್ಸು ಇಳಿದು ಇನ್ನೊಂದು ಹತ್ತಬೇಕಾದ ಕಡೆಯಲ್ಲಿ ನಿಂತುಬಿಟ್ಟಿದ್ದರು. ಅಂಕಕ್ಕೆ ಮಿತಿ ಹಾಕಿದರೆ ಇವರಿಗೆ ಹಣ ಸಿಗುತ್ತಿತ್ತು. ಹಣ ಸಿಕ್ಕಿಯೂ ಇವರು ಬಿಟ್ಟಿದ್ದರು ಎಂದು ರಿಜಿಸ್ಟರೇ ಹೇಳುತ್ತಿತ್ತು.

ಉರ್ದು ಮಾತ್ರ ಓದುವ ಇಬ್ಬರು ಹಿರಿಯ ಸದಸ್ಯರಿಗಾಗಿ ಇನ್ನೊಂದು ಪ್ರತಿ ಮಾಡಿದೆವು. ಅಡ್ಡ ಅಕ್ಷವನ್ನು ಹಿಂದುಮುಂದಾಗಿಸುವ ಆಯ್ಕೆ ಒತ್ತಿದರೆ ಲಂಬ ಅಕ್ಷ ತಾನೇ ಬಲಗಡೆಗೆ ಹೋಗಿ ನಿಲ್ಲುತ್ತದೆ, ಮನೆ ಬಲಕ್ಕೆ, ಕಾಲೇಜು ಎಡಕ್ಕೆ. ಉರ್ದು ಬಲದಿಂದ ಎಡಕ್ಕೆ ಹೋಗುತ್ತದೆ, ಆದರೆ ಅದರ ಅಂಕಿಗಳು ಎಡದಿಂದ ಬಲಕ್ಕೇ. ಎರಡೂ ದಿಕ್ಕಿಗೆ ಓದುವ ಅಭ್ಯಾಸ ನಮ್ಮ ಕಣ್ಣಿಗೆ ಮೊದಲಿನಿಂದಲೂ ಇದೆ. ಸಭೆಯಲ್ಲಿ ಎರಡು ಪ್ರತಿಗಳನ್ನೂ ಅಕ್ಕಪಕ್ಕ ಹಿಡಿದ ಒಬ್ಬರು, "ಯಾವ ಕಡೆಯಿಂದ ಹೋದರೂ ನಮ್ಮ ಹೆಣ್ಣುಮಕ್ಕಳು ಮನೆ ಬಾಗಿಲಲ್ಲೇ" ಎಂದರು. ಯಾರೂ ನಗಲಿಲ್ಲ.

ಸಭೆ ಚಾರ್ಟನ್ನು ಒಪ್ಪಿ ತಲೆದೂಗಿತು ಎಂದು ಓದುಗರು ಭಾವಿಸುವುದು ಬೇಡ. ನಿವೃತ್ತ ಗಣಿತದ ಮೇಷ್ಟ್ರು ಒಬ್ಬರು ಸಮಿತಿಯಲ್ಲಿದ್ದಾರೆ. ಅವರು ಹಾಳೆಯನ್ನು ಬಹಳ ಹೊತ್ತು ನೋಡಿ, "ದೂರ ಇರುವವರು ಯಾರು? ಬಾಡಿಗೆ ಕಡಿಮೆ ಎಂದು ಊರಾಚೆಯ ಹೊಸ ಬಡಾವಣೆಗೆ ಹೋದವರಲ್ಲವೆ? ಓದು ಬಿಡಿಸಿದ್ದು ದೂರವೋ ಬಡತನವೋ ಇದರಲ್ಲಿ ಎಲ್ಲಿದೆ?" ಎಂದು ಕೇಳಿದರು. ಸರಿಯಾದ ಪ್ರಶ್ನೆ. ಪಟ್ಟಣ-ಹಳ್ಳಿಯ ಲೆಕ್ಕ ಮಾಡಿದವರು ಇದನ್ನು ತಳ್ಳಿಹಾಕಲು ಬರುವುದಿಲ್ಲ. ಅರ್ಜಿಯಲ್ಲಿ ಆದಾಯದ ಕಾಲಂ ಇತ್ತು. ಆದರೆ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಆದಾಯ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಇರುತ್ತದೆ, ಅದನ್ನು ಅಕ್ಷ ಮಾಡಿದರೆ ಗುಳ್ಳೆಗಳೆಲ್ಲ ಒಂದೇ ಗೆರೆಯಲ್ಲಿ ನಮಾಜಿನ ಸಫ್‌ನ ಹಾಗೆ ನಿಲ್ಲುತ್ತವೆ. ಆದರೂ ಬಡತನವೊಂದೇ ಕಾರಣವಾದರೆ ಅದೇ ಬಡಾವಣೆಯ ಹುಡುಗರೂ ಬೀಳಬೇಕಿತ್ತಲ್ಲ ಎಂದೆ. "ಅದೂ ಸರಿ" ಎಂದು ಮೇಷ್ಟ್ರು ಕನ್ನಡಕ ತೆಗೆದರು. ಅಂಕದ ಮಿತಿಯ ಪ್ರಸ್ತಾಪವನ್ನು ಆ ದಿನ ಮುಂದೂಡಿದರು. ಒಂದು ವ್ಯಾನಿಗೆ ತಿಂಗಳಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಲು ಇಬ್ಬರನ್ನು ನೇಮಿಸಿದರು.

ಎಲ್ಲರೂ ಏಳುವ ಹೊತ್ತಿಗೆ ಹಾಜಿ ಸಾಹೇಬರು ಪ್ರಥಮ ದರ್ಜೆಯ ಚಾರ್ಟಿನ ಬಲಮೂಲೆಯ ಮೇಲೆ ಬೆರಳಿಟ್ಟರು. ಅಲ್ಲಿ ಹುಡುಗಿಯ ಬಣ್ಣದ ಗುಳ್ಳೆ ಒಂದೇ ಒಂದಿತ್ತು. ದೂರವೂ ಹೆಚ್ಚು, ಓದಿದ ವರ್ಷಗಳೂ ಹೆಚ್ಚು, ಗುಳ್ಳೆಯೂ ದೊಡ್ಡದು. ಎಲ್ಲ ಲೆಕ್ಕದಲ್ಲೂ ಬೀಳಬೇಕಾಗಿದ್ದವಳು ಮೇಲೆ ನಿಂತಿದ್ದಳು. "ಇವಳೊಬ್ಬಳು ಹೇಗೆ?" ಎಂದರು.

ಹೆಸರು ಹೇಳದೆ ವಿಷಯ ಹೇಳಿದೆ, ಆ ಮನೆ ನನಗೆ ಗೊತ್ತಿತ್ತು. ಮೂರು ವರ್ಷ ಅವಳ ದಾದಿ ದಿನಾಲೂ ಅವಳ ಜೊತೆ ಎರಡೂ ಬಸ್ಸು ಹತ್ತಿ ಹೋಗುತ್ತಿದ್ದರು. ಕಾಲೇಜು ಬಿಡುವವರೆಗೆ ಗೇಟಿನ ಎದುರಿನ ಟೈಲರ್ ಅಂಗಡಿಯಲ್ಲಿ ಕೂತು ಕಾಜಾ ಹೊಲಿಯುತ್ತಿದ್ದರು. ಅದರ ಕೂಲಿಯಲ್ಲಿ ಬಸ್ಸಿನ ಚಾರ್ಜು ನಡೆಯುತ್ತಿತ್ತು. ನಮ್ಮ ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಈಗ ಇದೆ. 'ಜೊತೆಗೆ ಹೋಗುವವರು' ಎಂದು ತಲೆಬರಹ ಕೊಟ್ಟಿದ್ದೇವೆ. ಉತ್ತರ ಮೂರು ಬಗೆ, ಮನೆಯವರು, ಗೆಳತಿಯರು, ಯಾರೂ ಇಲ್ಲ. ಹುಡುಗ ಅದನ್ನು ಬಣ್ಣ ಮಾಡಬೇಕು ಎನ್ನುತ್ತಾನೆ, ಹೆಣ್ಣು-ಗಂಡನ್ನು ಬೇರೆ ಬೇರೆ ಚಾರ್ಟಿಗೆ ಹಾಕಿದರೆ ಬಣ್ಣ ಖಾಲಿಯಾಗುತ್ತದಂತೆ. ಕಾಲಂ ತುಂಬಲು ಮನೆಮನೆಗೆ ಹೋಗುತ್ತಿದ್ದೇವೆ. ಅರ್ಧ ಮನೆಗಳು ಮುಗಿದಿವೆ, ಉಳಿದವು ರಂಜಾನ್ ಕಳೆದ ಮೇಲೆ.